ಮೈನ್‌ಕ್ರಾಫ್ಟ್ ತರಗತಿಗೆ ಬಂದರೆ ಕನ್ನಡ ಶಿಕ್ಷಕರ ಕೆಲಸವೇನು?

ಕನ್ನಡದಲ್ಲಿ ‘ಆಟಪಾಠ’ ಎಂಬುದು ಜೋಡುಪದ. ಆದರೆ ಶಾಲೆಯ ವೇಳಾಪತ್ರಿಕೆಯಲ್ಲಿ ಆಟ ಮತ್ತು ಪಾಠಗಳು ಒಂದೇ ಮನೆಯಲ್ಲಿ ಕೂಡಿದ್ದುದು ಅಪರೂಪ. ಪಾಠ ಮುಗಿದ ಮೇಲೆ ಆಟ, ಆಟ ಹೆಚ್ಚಿದರೆ ಪಾಠಕ್ಕೆ ಕೇಡು ಎಂಬ ಎಣಿಕೆಯೇ ಬಹುಕಾಲದಿಂದ ನಡೆದುಬಂದಿದೆ. ಮಕ್ಕಳ ಕೈಗೆ ಮೊಬೈಲ್ ಬಂದ ಮೇಲಂತೂ ವಿಡಿಯೋ ಆಟವೆಂದರೆ ತಂದೆತಾಯಿಗಳಿಗೆ ಭಯ, ಶಿಕ್ಷಕರಿಗೆ ಬೇಸರ. ಇಂಥ ಹೊತ್ತಿನಲ್ಲಿ ಒಂದು ವಿಡಿಯೋ ಆಟವನ್ನೇ ಪಾಠೋಪಕರಣವಾಗಿ ಬಳಸಬಹುದೆಂಬ ಮಾತು ಕೇಳಿದವರಿಗೆ ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಆದರೂ ಹತ್ತಕ್ಕೂ ಹೆಚ್ಚು ವರ್ಷಗಳಿಂದ ಹಲವು ದೇಶಗಳ ಶಾಲೆಗಳಲ್ಲಿ ಅದು ನಡೆಯುತ್ತಿದೆ. ಆ ಆಟದ ಹೆಸರು ಮೈನ್‌ಕ್ರಾಫ್ಟ್. ಇಂದಲ್ಲ ನಾಳೆ ಅದು ಗಡಿಭಾಗದ ಕನ್ನಡ ಶಾಲೆಗಳ ಬಾಗಿಲನ್ನೂ ತಟ್ಟಬಹುದು. ಆಗ ಅದನ್ನು ಬರಮಾಡಿಕೊಳ್ಳಬೇಕಾದವರು ಯಾರು? ಕಂಪ್ಯೂಟರ್ ಕಲಿಸುವವರೇ ಎಂಬುದು ಸಾಮಾನ್ಯವಾದ ಉತ್ತರ. ಕನ್ನಡ ಕಲಿಸುವವರು ಎಂಬುದೇ ಸರಿಯಾದ ಉತ್ತರವೆಂದು ಹೇಳುವುದಕ್ಕೆ ಸಾಕಷ್ಟು ಕಾರಣಗಳಿವೆ. ಐಚ್ಛಿಕ ಕನ್ನಡವನ್ನು ಓದುತ್ತಿರುವವರಲ್ಲಿ ಅನೇಕರು ಮುಂದೆ ಶಿಕ್ಷಕರಾಗುವವರು. ಆದುದರಿಂದ ಈ ಕಾರಣಗಳನ್ನು ಅವರು ಈಗಲೇ ಪರಿಶೀಲಿಸುವುದು ಒಳ್ಳೆಯದು.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬವರು 2009ರಲ್ಲಿ ಇದರ ಮೊದಲ ರೂಪವನ್ನು ಹೊರತಂದರು. 2011ರ ನವೆಂಬರಿನಲ್ಲಿ ಪೂರ್ಣರೂಪ ಬಂದಿತು. ಇದರೊಳಗಿನ ಜಗತ್ತು ಬಹುಮಟ್ಟಿಗೆ ಘನಾಕೃತಿಗಳಿಂದಾದುದು. ಮಣ್ಣು, ಕಲ್ಲು, ಮರಳು, ಮರ ಎಲ್ಲವೂ ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ತುಂಡುಗಳು. ಆಡುವವರು ಅವನ್ನು ಅಗೆದು ತೆಗೆಯಬಹುದು, ಬೇಕಾದಲ್ಲಿ ಇಟ್ಟು ಕಟ್ಟಬಹುದು. ಇಂಥದ್ದನ್ನೇ ಮಾಡಬೇಕೆಂಬ ಕಟ್ಟಳೆ ಇಲ್ಲ, ಗೆಲ್ಲಲೇಬೇಕೆಂಬ ಒತ್ತಾಯವಿಲ್ಲ. ಇಂಥ ಆಟಗಳಿಗೆ ‘ಸ್ಯಾಂಡ್‌ಬಾಕ್ಸ್’ ಎಂಬ ಹೆಸರು ಬಂದಿರುವುದು ಪಾಶ್ಚಾತ್ಯರು ಮಕ್ಕಳ ಆಟಕ್ಕಾಗಿ ಹಿತ್ತಲಿನಲ್ಲಿ ಇಡುವ ಮರಳಿನ ಪೆಟ್ಟಿಗೆಯಿಂದ. ಹಸಿ ಮರಳನ್ನು ಪಾದದ ಮೇಲೆ ತಟ್ಟಿ, ಮೆಲ್ಲಗೆ ಕಾಲು ಹಿಂದೆಗೆದು ಗುಬ್ಬಿಗೂಡು ಕಟ್ಟಿದ ಮಕ್ಕಳಿಗೆ ಈ ಕಲ್ಪನೆ ಹೊಸದಲ್ಲ. ದೀಪಾವಳಿ ಬಂತೆಂದರೆ ಮಹಾರಾಷ್ಟ್ರದ ಮನೆಯಂಗಳಗಳಲ್ಲಿ ಮಕ್ಕಳು ಮಣ್ಣು, ಕಲ್ಲು, ಗೋಣಿತಟ್ಟುಗಳಿಂದ ಕಟ್ಟುವ ‘ಕಿಲ್ಲಾ’ ಕೂಡ ಇದೇ ಜಾತಿಯ ಆಟ. ಬುರುಜು ಎಲ್ಲಿರಬೇಕು, ಮಹಾದ್ವಾರ ಯಾವ ಕಡೆಗಿರಬೇಕು ಎಂದು ಗಂಟೆಗಟ್ಟಲೆ ವಾದಿಸುವ ಆ ಮಕ್ಕಳು ಯಾವ ಪಠ್ಯಪುಸ್ತಕವೂ ಕಲಿಸದಷ್ಟನ್ನು ಕಲಿಯುತ್ತಾರೆ.

ತರಗತಿಗೆ ಈ ಆಟ ಬಂದ ಬಗೆಯೂ ತಿಳಿಯಬೇಕಾದುದೇ. 2011ರಲ್ಲಿ ನ್ಯೂಯಾರ್ಕಿನ ಕಂಪ್ಯೂಟರ್ ಶಿಕ್ಷಕ ಜೋಯಲ್ ಲೆವಿನ್ ತಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಇದನ್ನು ಬಳಸಿ ನೋಡಿದರು. ಅವರೂ ಫಿನ್ಲೆಂಡಿನ ಕೆಲವರೂ ಕೂಡಿ ಶಾಲೆಗಳಿಗೆಂದೇ ‘ಮೈನ್‌ಕ್ರಾಫ್ಟ್ ಎಜು’ ಎಂಬ ರೂಪವನ್ನು ಸಿದ್ಧಪಡಿಸಿದರು. ಸ್ಟಾಕ್‌ಹೋಮಿನ ವಿಕ್ಟರ್ ರಿಡ್‌ಬರ್ಗ್ ಶಾಲೆಯಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಇದನ್ನು ಕಡ್ಡಾಯ ಪಾಠವನ್ನಾಗಿ ಮಾಡಿದ ಸುದ್ದಿ 2013ರ ಆರಂಭದಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ನಗರಯೋಜನೆ, ಪರಿಸರ ಮೊದಲಾದ ವಿಷಯಗಳನ್ನು ಮಕ್ಕಳು ಕಟ್ಟುತ್ತ ಕಲಿಯಲಿ ಎಂಬುದು ಅಲ್ಲಿನ ಉದ್ದೇಶವಾಗಿತ್ತು. 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಈ ಆಟವನ್ನು ಹೊರತಂದ ಮೊಜಾಂಗ್ ಸಂಸ್ಥೆಯನ್ನು 250 ಕೋಟಿ ಡಾಲರಿಗೆ ಕೊಂಡುಕೊಂಡಿತು. 2016ರಲ್ಲಿ ಶಾಲಾ ಆವೃತ್ತಿಯನ್ನೂ ತನ್ನದಾಗಿಸಿಕೊಂಡು ಹೊಸ ಹೆಸರಿನಲ್ಲಿ ಮಾರತೊಡಗಿತು. ವಿಶ್ವಸಂಸ್ಥೆಯ ವಸತಿ ವಿಭಾಗವಾದ ಯುಎನ್-ಹ್ಯಾಬಿಟಾಟ್ 2012ರಿಂದ ಮೊಜಾಂಗ್ ಜೊತೆಗೂಡಿ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆಯನ್ನು ನಡೆಸಿತು. ಊರಿನ ಮೈದಾನ, ಕಡಲದಂಡೆ, ಓಣಿಗಳು ಹೇಗಿರಬೇಕೆಂಬುದನ್ನು ಅಲ್ಲಿ ವಾಸಿಸುವ ಜನರೇ ಆಟದೊಳಗೆ ಕಟ್ಟಿ ತೋರಿಸುವುದು ಈ ಯೋಜನೆಯ ರೀತಿ. ನೈರೋಬಿ, ಮುಂಬಯಿಗಳಲ್ಲಿ ಇದು ನಡೆದಿದೆ. ಹೈಟಿ ದೇಶದ ಲೇ ಕೈ ಎಂಬ ಊರಿನಲ್ಲಿ ಓದುಬರಹ ಬಾರದ ಮೀನುಗಾರರೂ ಭಾಗವಹಿಸಿ, ತಮ್ಮ ಕಡಲದಂಡೆಯಲ್ಲಿ ಏನೇನಿರಬೇಕೆಂದು ಮಾದರಿ ಕಟ್ಟಿದರು.

ಈ ಉದಾಹರಣೆಗಳನ್ನು ಓದಿದವರು ಯಂತ್ರದ ಮಹಿಮೆಗೆ ಬೆರಗಾಗುವ ಸಂಭವವುಂಟು. ಆದರೆ ಮೀನುಗಾರರಿಗೆ ಉಪಯೋಗವಾದದ್ದು ಘನಾಕೃತಿಗಳಷ್ಟೇ ಅಲ್ಲ. ಗೋಡೆ ಇಲ್ಲೇ ಏಕೆ, ಶೌಚಾಲಯ ಅಲ್ಲೇ ಏಕೆ ಎಂದು ಅವರು ತಮ್ಮ ಮಾತಿನಲ್ಲಿ ತಿಳಿಸಿ ಹೇಳಬೇಕಾಯಿತು. ಎದುರಿಗಿದ್ದವರು ಅದನ್ನು ಕೇಳಬೇಕಾಯಿತು. ಕಟ್ಟಿದ ಮಾದರಿ ಮಾತಿಗೆ ಆಧಾರವಾಯಿತು. ಇದೇ ಮಗು ಒಂಟಿಯಾಗಿ ಮೂಲೆಯಲ್ಲಿ ಕುಳಿತು ಮೂರು ಗಂಟೆ ಅರಮನೆ ಕಟ್ಟಿದರೆ ಅದರ ಬೆರಳುಗಳು ಚುರುಕಾಗಬಹುದು; ಅದು ಏನನ್ನು ಕಲಿಯಿತೆಂದು ಮಾತ್ರ ಯಾರೂ ಹೇಳಲಾರರು. ಆಟ ಪಾಠವಾಗುವುದು ಅದು ಮಾತಿಗೆ ಬಂದಾಗ.

ಶಿಕ್ಷಣದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಎಳೆಯ ಮಕ್ಕಳಿಗಾಗಿ ಮರದ ಘನಗಳನ್ನು ಮಾಡಿಸಿದ್ದರು. ಎಂಟು ಚಿಕ್ಕ ಘನಗಳು ಕೂಡಿದರೆ ಒಂದು ದೊಡ್ಡ ಘನ. ಆದರೆ ಅವನ್ನು ಮಗುವಿನ ಮುಂದೆ ಸುರಿದು ಎದ್ದುಹೋಗಬೇಕೆಂದು ಅವರು ಹೇಳಲಿಲ್ಲ. ಹಾಡು, ಮಾತುಗಳ ಜೊತೆಗೇ ಆಡಿಸಬೇಕೆಂದರು. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಸೆಮೋರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ರೂಪಿಸಿದ ಕಂಪ್ಯೂಟರ್ ಭಾಷೆಗೆ ‘ಲೋಗೋ’ ಎಂದು ಹೆಸರು. ಅದು ಮಾತು ಎಂಬ ಅರ್ಥದ ಗ್ರೀಕ್ ಪದದಿಂದ ಬಂದುದು. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ಮಗು ಅಪ್ಪಣೆ ಕೊಟ್ಟಂತೆ ಪರದೆಯ ಮೇಲಿನ ಆಮೆ ನಡೆದು ಗೆರೆ ಎಳೆಯುತ್ತಿತ್ತು. ಅಪ್ಪಣೆ ತಪ್ಪಿದರೆ ಚೌಕ ಚೌಕವಾಗುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿಯೇ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಬಾಲಶಿಕ್ಷಣದ ಕೆಲಸ ತೊಡಗಿದಾಗ ದುಬಾರಿ ಸಲಕರಣೆಗಳನ್ನು ಬದಿಗಿಟ್ಟು ಊರಿನಲ್ಲಿ ಸಿಗುವ ವಸ್ತುಗಳಿಂದಲೇ ಪಾಠೋಪಕರಣಗಳನ್ನು ಮಾಡಿಕೊಂಡರು. ಸಲಕರಣೆ ಬದಲಾದರೂ ಶಿಕ್ಷಕರ ಕೆಲಸ ಬದಲಾಗದೆಂಬುದು ಇವರೆಲ್ಲರ ಅನುಭವದ ಸಾರ.

ಹಾಗಾದರೆ ಕನ್ನಡ ತರಗತಿಯಲ್ಲಿ ಮೈನ್‌ಕ್ರಾಫ್ಟನ್ನು ಬಳಸುವುದು ಹೇಗೆ? ಜಿಲ್ಲಾ ಪರಿಷತ್ತಿನ ಒಂದು ಕನ್ನಡ ಶಾಲೆಯನ್ನು ಊಹಿಸಿಕೊಳ್ಳಬಹುದು. ಆರನೆಯ ಇಯತ್ತೆಯಲ್ಲಿ ಮೂವತ್ತು ಮಕ್ಕಳಿದ್ದಾರೆ. ಕಂಪ್ಯೂಟರ್ ಒಂದೇ ಇದೆ, ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರವೊಂದಿದೆ. ಒಂದೇ ಕಂಪ್ಯೂಟರ್ ಇರುವುದು ಕೊರತೆಯೆಂದು ತೋರಿದರೂ ಭಾಷಾಪಾಠಕ್ಕೆ ಅದೇ ಅನುಕೂಲ. ಕೀಲಿಮಣೆಯ ಮುಂದೆ ಕೂಡುವ ಮಗುವಿಗೆ ಒಂದೇ ನಿಯಮ: ತನ್ನ ಮನಸ್ಸಿಗೆ ಬಂದುದನ್ನು ಕಟ್ಟುವಂತಿಲ್ಲ, ಗೆಳೆಯರು ಕನ್ನಡದಲ್ಲಿ ಹೇಳಿದಷ್ಟನ್ನೇ, ಹೇಳಿದಂತೆಯೇ ಮಾಡಬೇಕು. ಉಳಿದವರು ಬೆರಳು ತೋರಿಸುವಂತಿಲ್ಲ, ಮಾತಿನಿಂದಲೇ ಕಟ್ಟಿಸಬೇಕು.

ಆಗ ‘ಅಲ್ಲಿ ಇಡು’ ಎಂಬ ವಾಕ್ಯ ಕೆಲಸಕ್ಕೆ ಬಾರದು. ‘ಬಾಗಿಲಿನ ಎಡಕ್ಕೆ ಎರಡು ಕಲ್ಲು ಬಿಟ್ಟು, ಮೂರನೆಯದರ ಮೇಲೆ ಮರದ ತುಂಡು ಇಡು’ ಎನ್ನಬೇಕಾಗುತ್ತದೆ. ‘ಬಾಗಿಲಿನ ಹಿಂದೆ’ ಎಂದರೆ ಒಳಗೆ ನಿಂತವನಿಗೆ ಒಂದು ಜಾಗ, ಹೊರಗೆ ನಿಂತವನಿಗೆ ಮತ್ತೊಂದು. ಮಕ್ಕಳು ಜಗಳವಾಡಿ, ಕೊನೆಗೆ ‘ಬಾಗಿಲಿನ ಮೂಡಣಕ್ಕೆ’ ಎಂಬ ಪದವನ್ನು ಹುಡುಕಿಕೊಳ್ಳುತ್ತಾರೆ. ಈ ಆಟದಲ್ಲಿಯೂ ಸೂರ್ಯ ಮೂಡಣದಲ್ಲಿಯೇ ಹುಟ್ಟಿ ಪಡುವಣದಲ್ಲಿ ಮುಳುಗುತ್ತಾನೆ. ಅಲ್ಲಿನ ಒಂದು ಹಗಲೂ ಒಂದು ರಾತ್ರಿಯೂ ಕೂಡಿ ಇಪ್ಪತ್ತು ನಿಮಿಷ. ಆದ್ದರಿಂದ ದಿಕ್ಕನ್ನು ಗುರುತಿಸುವುದು ಸುಲಭ. ವ್ಯಾಕರಣದ ಪುಸ್ತಕದಲ್ಲಿ ಒಣ ಕೋಷ್ಟಕವಾಗಿ ಕಾಣುವ ಚತುರ್ಥಿ, ಸಪ್ತಮೀ ವಿಭಕ್ತಿಗಳು ಇಲ್ಲಿ ಗೋಡೆಯನ್ನು ನೆಟ್ಟಗೆ ನಿಲ್ಲಿಸುವ ಸಾಧನಗಳಾಗುತ್ತವೆ. ‘ಗೋಡೆಗೆ ಹತ್ತಿ’, ‘ಗೋಡೆಯಲ್ಲಿ’, ‘ಗೋಡೆಯ ಮೇಲೆ’ ಎಂಬ ಮೂರಕ್ಕೂ ಇರುವ ಅಂತರವನ್ನು ಮಗು ಕಣ್ಣಾರೆ ಕಾಣುತ್ತದೆ. ವಾಕ್ಯ ಸಡಿಲವಾದರೆ ಗೋಡೆ ಸೊಟ್ಟಗಾಗುತ್ತದೆ. ಕೆಂಪು ಶಾಯಿಯಲ್ಲಿ ತಿದ್ದುವುದಕ್ಕಿಂತ ಈ ತಿದ್ದುಪಡಿ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವಂಥದು.

ಎರಡನೆಯ ಲಾಭ ಪದಸಂಪತ್ತಿನದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಳೆಯ ಮಾಳಿಗೆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಏಳುತ್ತಿವೆ. ಹೊಸ ಮನೆ ಕಟ್ಟಿಕೊಳ್ಳುವುದು ಯಾರ ತಪ್ಪೂ ಅಲ್ಲ. ಆದರೆ ಮನೆಯ ಜೊತೆಗೆ ಮಾತುಗಳೂ ಬೀಳುತ್ತವೆ. ತೊಲೆ, ಜಂತಿ, ಬೋದಿಗೆ, ಕುಂಬಿ, ಅಗಳಿ, ಬೆಳಕಿಂಡಿ, ಹಗೇವು, ಗೋದಲಿ ಮೊದಲಾದ ಪದಗಳಲ್ಲಿ ಎಷ್ಟನ್ನು ಇಂದಿನ ಮಗು ಬಲ್ಲದು? ಆಟದೊಳಗೆ ಅಜ್ಜನ ಕಾಲದ ಮನೆಯೊಂದನ್ನು ಕಟ್ಟಬೇಕೆಂದು ಹೇಳಿದರೆ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳದೆ ವಿಧಿಯಿಲ್ಲ. ಹಗೇವಿನ ಬಾಯಿ ಎಷ್ಟು ಅಗಲ, ಅದರಲ್ಲಿ ಜೋಳ ತುಂಬುವಾಗ ಏನೇನು ಎಚ್ಚರ, ಮಾಳಿಗೆಯ ಮೇಲಿನ ಮಣ್ಣು ಮಳೆಗೆ ಸೋರದಂತೆ ಏನು ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬರಬೇಕಾಗುತ್ತದೆ.

ಗಡಿಭಾಗದ ಮಗುವಿಗೆ ಇನ್ನೊಂದು ಸೌಕರ್ಯವಿದೆ. ಪಡಸಾಲೆಗೆ ಮರಾಠಿಯಲ್ಲಿ ಪಡಸಾಳ, ಹಗೇವಿಗೆ ಪೇವ, ಹೊಸ್ತಿಲಿಗೆ ಉಂಬರಠಾ, ಗೋದಲಿಗೆ ಗವ್ಹಾಣ. ಓಣಿಯ ಮರಾಠಿ ಗೆಳೆಯನೂ ಕನ್ನಡ ಶಾಲೆಯ ಮಗುವೂ ಒಂದೇ ಮನೆಯನ್ನು ಎರಡು ಹೆಸರುಗಳಿಂದ ಕರೆಯುತ್ತ ಬೆಳೆದವರು. ಈ ಜೋಡಿಪದಗಳನ್ನು ಎದುರುಬದುರು ಬರೆದಿಟ್ಟರೆ ಎರಡು ಭಾಷೆಗಳ ಕೊಡುಕೊಳ್ಳುವಿಕೆಯ ಪಾಠ ತಾನಾಗಿಯೇ ಆಗುತ್ತದೆ. ಎರಡು ಭಾಷೆ ಬಲ್ಲ ಮಗುವನ್ನು ‘ಎರಡೂ ಸರಿಯಾಗಿ ಬಾರದ ಮಗು’ ಎಂದು ನೋಡುವ ಅಭ್ಯಾಸ ಶಾಲೆಗಳಲ್ಲಿ ಇನ್ನೂ ಉಳಿದಿದೆ. ಇಂಥ ಕೆಲಸ ಆ ಅಭ್ಯಾಸಕ್ಕೆ ತಕ್ಕ ಉತ್ತರ.

ಸಾಹಿತ್ಯದ ಓದಿಗೂ ಈ ವಿಧಾನ ಹೊಂದುತ್ತದೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಕರ್ಮಯೋಗಿ; ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವನ್ನು ಐಚ್ಛಿಕ ಕನ್ನಡದವರು ಬಲ್ಲರು. ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ನಡುವೆ ಗುಡಿ, ಸುತ್ತಲೂ ನೀರು ಇರುವ ಸಿದ್ಧೇಶ್ವರ ಕೆರೆ ಊರಿನ ಹೃದಯಭಾಗದಲ್ಲಿಯೇ ಇದೆ. ಆ ಕೆರೆಯನ್ನು ಆಟದಲ್ಲಿ ಕಟ್ಟಲು ಹೊರಟ ವಿದ್ಯಾರ್ಥಿ ಕಾವ್ಯವನ್ನು ಹೊಸ ಕಣ್ಣಿನಿಂದ ಓದಬೇಕಾಗುತ್ತದೆ. ಕವಿ ಏನನ್ನು ಹೇಳಿದ್ದಾನೆ, ಏನನ್ನು ಓದುಗನ ಊಹೆಗೆ ಬಿಟ್ಟಿದ್ದಾನೆ ಎಂಬ ಪ್ರಶ್ನೆ ಏಳುತ್ತದೆ. ಏರಿಗೆ ಮಣ್ಣು ಎಲ್ಲಿಂದ ಬಂತು, ತೂಬು ಯಾವ ಕಡೆ, ಹೆಚ್ಚಾದ ನೀರು ಹೊರಹೋಗಲು ಕೋಡಿ ಎಲ್ಲಿ ಎಂದು ಯೋಚಿಸಬೇಕಾಗುತ್ತದೆ. ಏರಿ, ತೂಬು, ಕೋಡಿ, ಅಂಗಳ ಎಂಬ ಪದಗಳು ಆಗ ಪದಕೋಶದಿಂದ ಎದ್ದು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ.

ಆದರೆ ಈ ಕೆರೆಯ ಬಳಿಯಲ್ಲೇ ಶಿಕ್ಷಕರು ಅತ್ಯಂತ ಎಚ್ಚರವಾಗಿರಬೇಕು. ಮೈನ್‌ಕ್ರಾಫ್ಟಿನಲ್ಲಿ ನೀರು ಸುಳ್ಳು ಹೇಳುತ್ತದೆ. ಉದ್ದಕ್ಕೂ ಅಗಲಕ್ಕೂ ಎರಡೆರಡು ಘನದಷ್ಟು ಗುಂಡಿ ತೋಡಿ, ಎದುರುಬದುರಿನ ಮೂಲೆಗಳಿಗೆ ಒಂದೊಂದು ಬಕೆಟ್ ನೀರು ಹಾಕಿದರೆ ಅದು ಎಷ್ಟು ಮೊಗೆದರೂ ಬತ್ತದ ಚಿಲುಮೆಯಾಗುತ್ತದೆ. ಮರಳು, ಜಲ್ಲಿಗಳು ಆಸರೆ ತಪ್ಪಿದರೆ ಬೀಳುತ್ತವೆ, ನಿಜ. ಆದರೆ ಕಲ್ಲು ಗಾಳಿಯಲ್ಲಿ ತೇಲಿ ನಿಲ್ಲುತ್ತದೆ, ಬುಡ ಕಡಿದ ಮರದ ಮೇಲ್ಭಾಗ ಹಾಗೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವ ಊರಿನ ಮಗುವಿಗೆ ಬತ್ತದ ಚಿಲುಮೆಯನ್ನು ತೋರಿಸಿ ಸುಮ್ಮನಾದರೆ ಅದು ಪಾಠವಲ್ಲ, ಮೋಸ. ಅದೇ ಮಗುವಿಗೆ ‘ಈ ಆಟದ ನೀರಿಗೂ ಊರಿನ ಬಾವಿಯ ನೀರಿಗೂ ಇರುವ ವ್ಯತ್ಯಾಸಗಳನ್ನು ಹತ್ತು ವಾಕ್ಯಗಳಲ್ಲಿ ಬರೆ’ ಎಂದರೆ ಆಟದ ಸುಳ್ಳೇ ಒಳ್ಳೆಯ ಪ್ರಬಂಧಕ್ಕೆ ವಸ್ತುವಾಗುತ್ತದೆ. ಆ ಪ್ರಶ್ನೆಯನ್ನು ಯಂತ್ರ ಕೇಳುವುದಿಲ್ಲ, ಶಿಕ್ಷಕರೇ ಕೇಳಬೇಕು.

ಹಲವರು ಕೂಡಿ ಕಟ್ಟುವ ಜಗತ್ತಿಗೆ ನೀತಿಯೂ ಬೇಕು. 2014ರಲ್ಲಿ ಡೆನ್ಮಾರ್ಕಿನ ಸರ್ಕಾರಿ ಭೂಮಾಪನ ಸಂಸ್ಥೆ ಇಡೀ ದೇಶವನ್ನು ನಿಜವಾದ ಅಳತೆಯಲ್ಲಿಯೇ ಮೈನ್‌ಕ್ರಾಫ್ಟಿನೊಳಗೆ ನಿರ್ಮಿಸಿ ಶಾಲೆಗಳ ಉಪಯೋಗಕ್ಕೆ ತೆರೆದಿಟ್ಟಿತು. ಕೆಲವೇ ವಾರಗಳಲ್ಲಿ ಯಾರೋ ಒಳನುಗ್ಗಿ ಕಟ್ಟಡಗಳನ್ನು ಸಿಡಿಸಿ, ಅಮೆರಿಕದ ಧ್ವಜಗಳನ್ನು ನೆಟ್ಟುಹೋದರು. ಸಿಡಿಮದ್ದಿಗೆ ತಡೆ ಹಾಕಲಾಗಿತ್ತಾದರೂ, ಸಿಡಿಮದ್ದು ತುಂಬಿದ ಗಾಡಿಗೆ ತಡೆ ಹಾಕುವುದು ಮರೆತಿತ್ತು. ತರಗತಿಯಲ್ಲಿಯೂ ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ಕೆಡವುವ ಪ್ರಸಂಗ ಬಂದೇ ಬರುತ್ತದೆ. ಆಟಕ್ಕೆ ಮೊದಲು ಮಕ್ಕಳೇ ಕೂಡಿ ಕನ್ನಡದಲ್ಲಿ ನಿಯಮಗಳನ್ನು ಬರೆದು ಗೋಡೆಗೆ ಹಚ್ಚುವುದು ಒಳ್ಳೆಯದು. ಎಲ್ಲಿಯೂ ಸಂದು ಬಿಡದಂತೆ ನಿಯಮ ಬರೆಯುವುದು ಎಷ್ಟು ಕಠಿಣವೆಂಬುದು ಆಗ ತಿಳಿಯುತ್ತದೆ.

ಇಷ್ಟಾದರೂ ಆಕ್ಷೇಪಗಳು ಉಳಿಯುತ್ತವೆ, ಅವು ಹುರುಳಿಲ್ಲದವಲ್ಲ. ವಿದ್ಯುತ್ತು ನೆಚ್ಚುವಂತಿಲ್ಲದ, ಒಂದು ಒಳ್ಳೆಯ ಕಪ್ಪುಹಲಗೆಯೂ ಇಲ್ಲದ ಶಾಲೆಗೆ ವಿಡಿಯೋ ಆಟದ ಮಾತೇಕೆ ಎಂದು ಕೇಳಬಹುದು. ಮೈನ್‌ಕ್ರಾಫ್ಟಿನ ಶಾಲಾ ಆವೃತ್ತಿಗೆ ಪ್ರತಿ ವರ್ಷ ತಲೆಗಿಷ್ಟು ಎಂದು ಹಣ ಕೊಡಬೇಕು. ಒಂದು ಪರದೇಶದ ಕಂಪನಿಯ ಮರ್ಜಿಗೆ ಪಾಠವನ್ನು ಕಟ್ಟಿಹಾಕುವುದು ಜಾಣತನವಲ್ಲ. ಇದಕ್ಕೆ ಎರಡು ಸಮಾಧಾನಗಳಿವೆ. ಒಂದು, ‘ಲುವಾಂಟಿ’ ಎಂಬ ಮುಕ್ತ ತಂತ್ರಾಂಶ. ಮೊದಲು ‘ಮೈನ್‌ಟೆಸ್ಟ್’ ಎಂದು ಹೆಸರಾಗಿದ್ದ, ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಆರಂಭಿಸಿದ ಇದು ಇದೇ ಬಗೆಯ ಘನಗಳ ಜಗತ್ತನ್ನು ಬೆಲೆಯಿಲ್ಲದೆ ಕೊಡುತ್ತದೆ. ಸಾಧಾರಣ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಎರಡು, ಯಂತ್ರವೇ ಇಲ್ಲದಿದ್ದರೆ ಚೌಕಳಿ ಕಾಗದ, ಬೆಂಕಿಪೆಟ್ಟಿಗೆ, ಹಸಿಮಣ್ಣು ಇವೆ. ಮಾತಿನಿಂದ ಕಟ್ಟಿಸುವ ಪಾಠ ಅವುಗಳಿಂದಲೂ ನಡೆಯುತ್ತದೆ. ಪರದೆಯ ಮುಂದೆ ಮಕ್ಕಳು ಕಳೆದುಹೋಗುವ ಭಯಕ್ಕೂ ಇಲ್ಲಿಯೇ ಉತ್ತರವಿದೆ: ಒಂದು ಗಂಟೆಯ ಕಟ್ಟಡಕ್ಕೆ ಮೂರು ಗಂಟೆಯ ಕೇಳುವಿಕೆ, ಬರವಣಿಗೆ, ಚರ್ಚೆ ಇದ್ದರೆ ಆಟವು ಪಾಠದ ಮೇಲೆ ಸವಾರಿ ಮಾಡಲಾರದು.

ಕೊನೆಗೆ ಉಳಿಯುವುದು ಭಾಷೆಯ ಪ್ರಶ್ನೆ. ಗಡಿಭಾಗದ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತದೆ. ಕಂಪ್ಯೂಟರಿನ ಮುಂದೆ ಕುಳಿತಾಗ ಇಂಗ್ಲಿಷಿಗೆ ಹೊರಳುತ್ತದೆ. ಹಾಡಿಗೆ, ಪದ್ಯಕ್ಕೆ, ಪರೀಕ್ಷೆಯ ಉತ್ತರಕ್ಕೆ ಕನ್ನಡ. ಏನನ್ನಾದರೂ ಕಟ್ಟುವುದಕ್ಕೆ, ಅಳೆಯುವುದಕ್ಕೆ, ಯೋಜಿಸುವುದಕ್ಕೆ ಬೇರೆ ಭಾಷೆ ಎಂಬ ತಿಳಿವಳಿಕೆ ಅದರ ಮನಸ್ಸಿನಲ್ಲಿ ಯಾರೂ ಹೇಳದೆಯೇ ಬೇರೂರುತ್ತದೆ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಲು ಹಿಂಜರಿಯುವ ತಂದೆತಾಯಿಗಳ ಮನಸ್ಸಿನಲ್ಲಿರುವುದೂ ಇದೇ ತಿಳಿವಳಿಕೆ. ಆಟದ ತರಗತಿಯನ್ನು ಕನ್ನಡ ಶಿಕ್ಷಕರು ಕೈಬಿಟ್ಟರೆ ಈ ತಿಳಿವಳಿಕೆಗೆ ಮತ್ತೊಂದು ಮೊಳೆ ಹೊಡೆದಂತಾಗುವುದು. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ; ಸ್ವಯಂಸೇವಕರು ಅನುವಾದಿಸಿ ಸೇರಿಸಿದ್ದು. ಅಂಥ ಅನುವಾದಗಳನ್ನು ಓದಿ, ಕೃತಕವೆನಿಸಿದ ಪದಗಳಿಗೆ ಊರಿನ ಬಾಯಲ್ಲಿರುವ ಪದಗಳನ್ನು ಸೂಚಿಸುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಅನುವಾದವೆಂದರೆ ಕಾದಂಬರಿ, ಕವಿತೆಗಳದು ಮಾತ್ರವೆಂದು ತಿಳಿಯಬೇಕಾಗಿಲ್ಲ.

ಕೆಲಸ ಚಿಕ್ಕದಾಗಿ ಆರಂಭವಾಗಲಿ. ರಜೆಗೆ ಊರಿಗೆ ಹೋದ ಪ್ರತಿಯೊಬ್ಬ ವಿದ್ಯಾರ್ಥಿಯೂ ಹಿರಿಯರನ್ನು ಕೇಳಿ ಮನೆ, ಬಾವಿ, ಕೆರೆ, ಕಣಗಳಿಗೆ ಸಂಬಂಧಪಟ್ಟ ಐವತ್ತು ಪದಗಳನ್ನು, ಗೊತ್ತಿದ್ದರೆ ಮರಾಠಿಯ ಜೋಡಿಪದಗಳೊಡನೆ, ಬರೆದು ತರಬೇಕು. ಅವನ್ನು ಒಟ್ಟುಮಾಡಿ ಊರಿನ ಒಂದು ಮನೆಯನ್ನು ಮಾತಿನಿಂದಲೇ ಕಟ್ಟಿಸಿ, ಕಟ್ಟಿದ್ದನ್ನು ಎರಡು ಪುಟಗಳ ವಿವರಣೆಯಾಗಿ ಬರೆಯಬೇಕು. ಪಾಠ ಫಲಿಸಿತೋ ಇಲ್ಲವೋ ಎಂಬುದನ್ನು ಅಳೆಯಲು ಅಂಕಪಟ್ಟಿ ಬೇಡ. ಯಂತ್ರವನ್ನು ಆರಿಸಿ, ಆ ಮನೆಯನ್ನು ಎಂದೂ ನೋಡದ ಒಂದು ಮಗುವಿಗೆ ಆ ಎರಡು ಪುಟಗಳನ್ನು ಓದಿ ಹೇಳಿದರೆ ಸಾಕು. ಪಡಸಾಲೆ, ಹಗೇವು, ಗೋದಲಿ, ಬೆಳಕಿಂಡಿಗಳನ್ನು ಆ ಮಗು ಚೌಕಳಿ ಕಾಗದದ ಮೇಲೆ ಸರಿಯಾದ ಜಾಗದಲ್ಲಿ ಬಿಡಿಸಿತೆಂದರೆ ಕಟ್ಟಿದವರಿಗೂ ಬರೆದವರಿಗೂ ಕನ್ನಡ ಬಂದಿದೆ ಎಂದು ತಿಳಿಯಬಹುದು.